ಶಾಲೆ ತೆರೆಯುವ ದಿನವೇ ಬೇಕಾದ ಸಾಮಗ್ರಿ: ಶಿಕ್ಷಣ ಸಚಿವರಿಗೆ ಒಬ್ಬ ಹೊಸ ಶಿಕ್ಷಕಿಯ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ನೇಮಕಾತಿಯ ಅಧಿಸೂಚನೆಗಾಗಿ ಕಾಯುತ್ತಿರುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬಳು. ಸದ್ಯ ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನನ್ನದು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ನನ್ನೊಡನೆ ಇರುತ್ತಾರೆ. ಗೌರವಧನ, ಸೇವಾ ಭದ್ರತೆ ಮುಂತಾದ ಬೇಡಿಕೆಗಳನ್ನು ನಮ್ಮ ಸಂಘಟನೆಗಳು ತಮ್ಮ ಮುಂದೆ ಇಡುತ್ತಲೇ ಬಂದಿವೆ. ನಾನು ಈ ಪತ್ರದಲ್ಲಿ ಬರೆಯಬೇಕೆಂದಿರುವುದು ಬಣ್ಣದ ಕಾಗದ, ಗೋಂದು, ಸ್ಕೆಚ್ ಪೆನ್ನು, ಮೊನೆಯಿಲ್ಲದ ಕತ್ತರಿ, ಮಣಿ, ದಾರ, ರಟ್ಟು ಇವುಗಳ ಬಗ್ಗೆ. ಮಕ್ಕಳ ಎದುರಿಗೆ ನಿಲ್ಲುವ ಪ್ರತಿಯೊಬ್ಬ ಶಿಕ್ಷಕರಿಗೂ, ಅತಿಥಿ ಶಿಕ್ಷಕರಿಗೂ ಸೇರಿ, ಕಲಿಕೋಪಕರಣಕ್ಕೆಂದೇ ಒಂದು ಸಣ್ಣ ಮೊತ್ತ ಶಾಲೆ ತೆರೆಯುವ ಹೊತ್ತಿಗೆ ದೊರೆಯಬೇಕು ಎಂಬುದೇ ನನ್ನ ಕೋರಿಕೆ. ಅದು ಏಕೆ ಬೇಕು, ಈಗ ಅದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ನನಗೆ ಕಂಡಂತೆ ವಿವರಿಸುತ್ತೇನೆ.

ನಲಿ-ಕಲಿ ಪೂರ್ತಿಯಾಗಿ ಸಾಮಗ್ರಿಯ ಮೇಲೆ ನಿಂತ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕ್ರಮವನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ ಅದನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸಿದರು. 2009–10ರಿಂದ ಅದು ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಈ ತರಗತಿಯಲ್ಲಿ ಮಗು, ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಕಲಿಕಾ ಏಣಿಯ ಮುಂದೆ ನಿಂತು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿಕೊಳ್ಳುತ್ತದೆ, ಅದಕ್ಕೆ ಹೊಂದುವ ಚಿಹ್ನೆಯ ಕಾರ್ಡನ್ನು ಹುಡುಕಿಕೊಳ್ಳುತ್ತದೆ, ತನ್ನ ಗುಂಪಿನ ತಟ್ಟೆಯ ಸುತ್ತ ಹೋಗಿ ಕೂರುತ್ತದೆ. ಕೆಲವು ಗುಂಪುಗಳಿಗೆ ಶಿಕ್ಷಕರು ಬೇಕು, ಕೆಲವಕ್ಕೆ ಸಹಪಾಠಿಯ ನೆರವು ಸಾಕು, ಸ್ವಕಲಿಕೆಯ ಗುಂಪಿಗೆ ಎದುರಿಗಿರುವ ಸಾಮಗ್ರಿಯೇ ಗುರು. ಒಬ್ಬ ಶಿಕ್ಷಕಿ ಏಕಕಾಲಕ್ಕೆ ಮೂರು ತರಗತಿಗಳನ್ನು ನಡೆಸಲು ಸಾಧ್ಯವಾಗುವುದು ಇದರಿಂದಲೇ. ಯಾವ ಗುಂಪಿನ ಕೈಗೆ ಮಾಡಲು ಏನೂ ಸಿಗುವುದಿಲ್ಲವೋ ಆ ಗುಂಪು ಸ್ವಲ್ಪ ಹೊತ್ತಿನಲ್ಲೇ ಚದುರುತ್ತದೆ. ಆಮೇಲೆ ಶಿಕ್ಷಕಿಗೆ ಉಳಿಯುವ ದಾರಿ ಎಲ್ಲರನ್ನೂ ಸಾಲಾಗಿ ಕೂರಿಸಿ ಹಲಗೆಯ ಮೇಲಿನದನ್ನು ಒಟ್ಟಿಗೆ ಹೇಳಿಸುವುದೊಂದೇ. ಯಾವುದನ್ನು ಬಿಟ್ಟುಬರಬೇಕೆಂದು ಹೆಗ್ಗಡದೇವನಕೋಟೆಯ ಶಿಕ್ಷಕರು ಅಷ್ಟು ಶ್ರಮಪಟ್ಟರೋ ಅಲ್ಲಿಗೇ ನಾವು ಮರಳುತ್ತೇವೆ.

ಕಾರ್ಡುಗಳನ್ನು ಇಲಾಖೆ ಮುದ್ರಿಸಿ ಕೊಡುತ್ತದೆ, ನಿಜ. ಆದರೆ ಆರು ವರ್ಷದ ಮಗುವಿನ ಕೈಗೆ ದಿನವೂ ಸಿಗುವ ಕಾರ್ಡು ಎಷ್ಟು ಕಾಲ ಬಾಳೀತು? ಅಂಚು ಸವೆಯುತ್ತದೆ, ಮಳೆಗಾಲದಲ್ಲಿ ಮುದುರುತ್ತದೆ, ಒಂದೆರಡು ಕಳೆದೂ ಹೋಗುತ್ತವೆ. ಒಂದು ಕಾರ್ಡು ಕಾಣೆಯಾದರೆ ಏಣಿಯ ಒಂದು ಮೆಟ್ಟಿಲೇ ಇಲ್ಲವಾದಂತೆ. ಹೊಸದು ಬರುವವರೆಗೆ ಅದನ್ನು ಶಿಕ್ಷಕಿಯೇ ಬರೆದು ತಯಾರಿಸಬೇಕು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪು ಹಲಗೆಗಳಿವೆ, ಪ್ರತಿ ಮಗುವಿಗೂ ಅಲ್ಲಿ ತನ್ನದೇ ಒಂದು ಚೌಕ. ಅದರ ಬಣ್ಣ ಮಾಸಿದರೆ ಬಿಳಿ ಸೀಮೆಸುಣ್ಣದಲ್ಲಿ ಬರೆದದ್ದು ಕಾಣುವುದಿಲ್ಲ. ಹವಾಮಾನ ನಕ್ಷೆ, ಪ್ರಗತಿ ನೋಟ, ಮಕ್ಕಳ ಕೆಲಸವನ್ನು ತೂಗುಹಾಕುವ ಚಪ್ಪರದ ದಾರ, ಎಲ್ಲವೂ ಪ್ರತಿ ವರ್ಷ ಹೊಸದಾಗಬೇಕು. ಇವೆಲ್ಲ ಜೂನ್ ಮೊದಲ ವಾರದ ಕೆಲಸಗಳು, ಡಿಸೆಂಬರಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ.

ತರಬೇತಿಯಲ್ಲಿ ನಮಗೆ ಕಡಿಮೆ ಖರ್ಚಿನಲ್ಲಿ, ಸಾಧ್ಯವಾದರೆ ಖರ್ಚೇ ಇಲ್ಲದೆ ಉಪಕರಣ ತಯಾರಿಸುವುದನ್ನು ಶ್ರದ್ಧೆಯಿಂದ ಕಲಿಸಿದ್ದಾರೆ. ಆ ಕಲಿಕೆಗೆ ನಾನು ಋಣಿ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಬಿಸಾಡಲು ನಾನು ಬಿಟ್ಟಿಲ್ಲ. ಮದುವೆಯ ಕಾಲ ಮುಗಿಯುತ್ತಿದ್ದಂತೆ ಬಂಧುಗಳ ಮನೆಗಳಿಂದ ಲಗ್ನಪತ್ರಿಕೆಗಳನ್ನು ತರಿಸಿಕೊಂಡೆ. ಅವುಗಳ ಹಿಂಬದಿ ಗಟ್ಟಿಯಾಗಿ, ಖಾಲಿಯಾಗಿ ಇರುವುದರಿಂದ ಪದಪಟ್ಟಿಗೆ ಅವಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಳೆಯ ಕ್ಯಾಲೆಂಡರುಗಳಿಂದ ದೊಡ್ಡ ಅಂಕಿಗಳು ಸಿಕ್ಕವು. ದರ್ಜಿಯವರು ಬಟ್ಟೆಯ ಚೂರುಗಳನ್ನು ಚೀಲ ತುಂಬ ಕೊಟ್ಟರು. ಸೋಡಾ ಅಂಗಡಿಯವರು ಬಾಟಲಿಯ ಮುಚ್ಚಳಗಳನ್ನು ಕೂಡಿಟ್ಟರು. ಒಂದೊಂದರ ಮೇಲೆ ಒಂದೊಂದು ಅಕ್ಷರ ಅಂಟಿಸಿದರೆ ಮಕ್ಕಳು ನೆಲದ ಮೇಲೆಯೇ ಪದ ಜೋಡಿಸುತ್ತಾರೆ. ಎಣಿಕೆಗೆ ಹುಣಸೆ ಬೀಜ, ಅವರೆಕಾಳು ನಮ್ಮ ಕಡೆ ಬೇಕಾದಷ್ಟು. ಗುಲಗಂಜಿಯನ್ನೂ ಹರಳು ಬೀಜವನ್ನೂ ಮಕ್ಕಳು ಆಸೆಯಿಂದ ತಂದುಕೊಡುತ್ತಾರೆ. ಎರಡೂ ವಿಷವಾದ್ದರಿಂದ ತರಗತಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. (ಹೊಸದಾಗಿ ಸೇರುವ ಶಿಕ್ಷಕರೆಲ್ಲರಿಗೂ ಇದನ್ನು ಯಾರಾದರೂ ಮೊದಲೇ ಹೇಳಬೇಕು.)

ಹೀಗೆ ಕೂಡಿಸಿ ತರುವುದರಲ್ಲಿ ನನಗೆ ಸಂತೋಷವಿದೆ. ಊರಿನವರು ತರಗತಿಯೊಳಗೆ ಇಣುಕಿ ನೋಡುವುದೇ ಇದರಿಂದ. ತಾನು ಕೊಟ್ಟ ಬಟ್ಟೆಯ ಚೂರಿನಿಂದ ಕೈಗೊಂಬೆಯಾಯಿತೆಂದು ಕಂಡ ತಾಯಿಯೊಬ್ಬರು ಆಮೇಲೆ ಪೋಷಕರ ಸಭೆಯನ್ನು ಒಮ್ಮೆಯೂ ತಪ್ಪಿಸಿಲ್ಲ. ಆದ್ದರಿಂದ ಎಲ್ಲವನ್ನೂ ಸರ್ಕಾರವೇ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಲಿ ಎಂದು ನಾನು ಕೇಳುತ್ತಿಲ್ಲ. ಊರಿನಲ್ಲಿ ಕೇಳಿದರೆ ಸಿಗದಿರುವ ವಸ್ತುಗಳಿವೆಯಲ್ಲ, ಕಷ್ಟ ಅಲ್ಲಿದೆ. ಗೋಂದನ್ನು ಯಾರೂ ಮನೆಯಲ್ಲಿ ಕೂಡಿಡುವುದಿಲ್ಲ. ಸ್ಕೆಚ್ ಪೆನ್ನು, ಚಾರ್ಟ್ ಹಾಳೆ, ಸೆಲ್ಲೋ ಟೇಪು, ಹಲಗೆಗೆ ಬಳಿಯುವ ಕಪ್ಪು ಬಣ್ಣ, ಮಗುವಿನ ಬೆರಳಿಗೆ ಹೊಂದುವ ಕತ್ತರಿ ಇವೆಲ್ಲ ತಾಲ್ಲೂಕು ಕೇಂದ್ರದ ಅಂಗಡಿಯಿಂದ ದುಡ್ಡು ಕೊಟ್ಟೇ ಬರಬೇಕು. ಬರೆದ ಕಾರ್ಡು ವರ್ಷವಿಡೀ ಉಳಿಯಬೇಕಾದರೆ ಲ್ಯಾಮಿನೇಷನ್ ಮಾಡಿಸಬೇಕು, ಅದೇ ಎಲ್ಲಕ್ಕಿಂತ ದುಬಾರಿ. ತಿಂಗಳಿಗೆ 12,000 ರೂಪಾಯಿ ಗೌರವಧನ ಪಡೆಯುವವಳು, ಅದೂ ಪ್ರತಿ ತಿಂಗಳು ಬರದೆ ಕೆಲವೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವಾಗ, ಈ ಖರ್ಚನ್ನು ಮನೆಯವರಿಂದ ಕೇಳಿ ಪಡೆದೇ ಮಾಡಬೇಕಾಗುತ್ತದೆ. ನನ್ನ ಜೊತೆ ಓದಿದ ಗೆಳತಿಯರಲ್ಲಿ ಹೆಚ್ಚಿನವರ ಸ್ಥಿತಿಯೂ ಇದೇ. ಕೇಳಲು ಮನೆಯೇ ಇಲ್ಲದ ಶಿಕ್ಷಕಿ ಏನು ಮಾಡುತ್ತಾಳೆ? ಬರಿಗೈಯಲ್ಲಿ ಪಾಠ ಮಾಡುತ್ತಾಳೆ, ಅಷ್ಟೇ. ಹಾಗಾದಾಗ ಒಂದು ಊರಿನ ಮಕ್ಕಳ ಕಲಿಕೆ ಆ ಊರಿಗೆ ಬಂದ ಶಿಕ್ಷಕಿಯ ಮನೆಯ ಅನುಕೂಲವನ್ನು ಅವಲಂಬಿಸಿದಂತಾಯಿತು. ಸರ್ಕಾರಿ ಶಾಲೆಯಲ್ಲಿ ಹೀಗಾಗಬಾರದು.

ಸಾಮಗ್ರಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ತರಗತಿಯದೇ ಒಂದು ಉದಾಹರಣೆ ಹೇಳುತ್ತೇನೆ. ಮೂರನೆಯ ತರಗತಿಯ ಒಬ್ಬ ಹುಡುಗನಿಗೆ 32ರಲ್ಲಿ 15 ಕಳೆಯುವುದು ಬರುತ್ತಿರಲಿಲ್ಲ. ಎರಡರಲ್ಲಿ ಐದು ಹೋಗುವುದಿಲ್ಲವಾದ್ದರಿಂದ ಅವನು ಅದನ್ನು ತಿರುಗಿಸಿ ಐದರಲ್ಲಿ ಎರಡು ಕಳೆದು ಮೂರು ಎಂದು ಬರೆಯುತ್ತಿದ್ದ, ಉತ್ತರ 23. ಪಕ್ಕದ ಮನೆಯಿಂದ ದಶಕ ತರಬೇಕು ಎಂದು ಎಷ್ಟು ಸಲ ಹೇಳಿದರೂ ಅವನ ಪಾಲಿಗೆ ಅದು ಅರ್ಥವಿಲ್ಲದ ಮಾತಾಗಿತ್ತು. ಪೊರಕೆಯ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡಿನಿಂದ ಕಟ್ಟು ಮಾಡಿ ಅವನ ಮುಂದಿಟ್ಟೆ. ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಇದರಲ್ಲಿ ಹದಿನೈದು ನನಗೆ ಕೊಡು ಎಂದೆ. ಒಂದು ಕಟ್ಟನ್ನು ಕೂಡಲೇ ಕೊಟ್ಟ. ಇನ್ನೂ ಐದು ಕೊಡಬೇಕು, ಕೈಯಲ್ಲಿ ಬಿಡಿಯಾಗಿರುವುದು ಎರಡೇ. ಕಟ್ಟುಗಳನ್ನೇ ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಯಾರೂ ಹೇಳದೆ ಒಂದು ಕಟ್ಟಿನ ರಬ್ಬರ್ ಬ್ಯಾಂಡನ್ನು ಬಿಚ್ಚಿ ಹತ್ತೂ ಕಡ್ಡಿಗಳನ್ನು ಬಿಡಿಯ ಜೊತೆ ಸೇರಿಸಿದ. ಐದನ್ನು ಎಣಿಸಿ ನನ್ನ ಕೈಗಿಟ್ಟು, ಉಳಿದದ್ದು ಹದಿನೇಳು ಎಂದ. ಮರುದಿನ ಅದೇ ಲೆಕ್ಕವನ್ನು ಪುಸ್ತಕದಲ್ಲಿ ಕಡ್ಡಿಯಿಲ್ಲದೆ ಮಾಡಿದ. ಕಟ್ಟು ಬಿಚ್ಚುವುದೇ ದಶಕ ಎರವಲು ಪಡೆಯುವುದು ಎಂಬ ತಿಳಿವು ಅವನ ಬೆರಳುಗಳಿಂದ ತಲೆಗೆ ಹೋಯಿತು. ನಾನು ದೊಡ್ಡ ದನಿಯಲ್ಲಿ ವಿವರಿಸಿದ್ದರಿಂದ ಹೋಗಿರಲಿಲ್ಲ. ಒಂದು ಪೊರಕೆ, ಒಂದು ಪೊಟ್ಟಣ ರಬ್ಬರ್ ಬ್ಯಾಂಡು, ಖರ್ಚು ಇಷ್ಟೇ. ಆದರೆ ಅದು ಆ ಹೊತ್ತಿನಲ್ಲಿ ತರಗತಿಯಲ್ಲಿ ಇರಬೇಕು.

ಇನ್ನು ಹಣದ ವಿಚಾರ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 500 ರೂಪಾಯಿ ಶಿಕ್ಷಕರ ಅನುದಾನ ಬರುತ್ತಿತ್ತು. ಸಣ್ಣ ಮೊತ್ತ, ಆದರೂ ಅದು ಅವರ ಹೆಸರಿನದು. ಯಾವ ಹಾಳೆ, ಯಾವ ಬಣ್ಣ ಎಂದು ಅವರೇ ನಿರ್ಧರಿಸುತ್ತಿದ್ದರು. ಈಗ ನಿವೃತ್ತಿಯ ಹತ್ತಿರವಿರುವ ಹಿರಿಯ ಶಿಕ್ಷಕರು ಅದನ್ನು ಇಂದಿಗೂ ನೆನೆಯುತ್ತಾರೆ. 2018ರಲ್ಲಿ ಅದರ ಬದಲಿಗೆ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಬೇರೆ ಬೇರೆ ಅನುದಾನಗಳು ಒಂದಾಗಿ ಸಂಯುಕ್ತ ಶಾಲಾ ಅನುದಾನವಾಯಿತು. ಮಕ್ಕಳ ಸಂಖ್ಯೆ 30ರೊಳಗಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಹೀಗೆ. ಅದರಲ್ಲಿ ಶೇಕಡ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ನಮ್ಮಂತಹ ಚಿಕ್ಕ ಶಾಲೆಗೆ ಉಳಿಯುವುದು 9,000 ರೂಪಾಯಿ. ಸೀಮೆಸುಣ್ಣ, ಹಾಜರಿ ಪುಸ್ತಕ, ವಹಿಗಳು, ಮುರಿದ ಕಿಟಕಿ, ಸೋರುವ ನಲ್ಲಿ, ಸುಣ್ಣಬಣ್ಣ, ದಿನಪತ್ರಿಕೆ ಎಲ್ಲವೂ ಅದರೊಳಗೆ ಆಗಬೇಕು. ಮುಖ್ಯ ಶಿಕ್ಷಕರು ಕಿಟಕಿಯನ್ನು ಬಿಟ್ಟು ನನಗೆ ಬಣ್ಣದ ಕಾಗದ ಕೊಡಿಸಲಿ ಎಂದು ಹೇಗೆ ಕೇಳಲಿ? ಅವರ ಜಾಗದಲ್ಲಿ ನಾನಿದ್ದರೂ ಮೊದಲು ಕಿಟಕಿಯನ್ನೇ ಸರಿ ಮಾಡಿಸುತ್ತಿದ್ದೆ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರನ್ನು ಘೋಷಿಸಿದ್ದು ಬಹಳ ದೊಡ್ಡ ಉಪಕಾರವಾಯಿತು. ಅದೇ ಬಗೆಯ ಇನ್ನೊಂದು ಸಣ್ಣ ಹೆಜ್ಜೆಯನ್ನು ನಾನು ಕೇಳುತ್ತಿದ್ದೇನೆ.

ಈ ಹಣ ಬರುವ ಸಮಯವೂ ತರಗತಿಯ ಅಗತ್ಯಕ್ಕೆ ಹೊಂದುವುದಿಲ್ಲ. ಶಾಲೆ ತೆರೆಯುವುದು ಮೇ ಕೊನೆಯಲ್ಲಿ. ಅನುದಾನ ಕಂತುಗಳಲ್ಲಿ, ನನಗೆ ಕಂಡಂತೆ ವರ್ಷದ ನಡುವೆಯೋ ಕೊನೆಯಲ್ಲೋ ಬರುತ್ತದೆ. ಮಾರ್ಚಿನೊಳಗೆ ಖರ್ಚಾಗಬೇಕಾದ್ದರಿಂದ ಆಗ ಅವಸರದಲ್ಲಿ ಯಾವುದು ಸಿಗುತ್ತದೋ ಅದನ್ನು ಕೊಳ್ಳಬೇಕಾಗುತ್ತದೆ. ಕೊಳ್ಳುವುದಕ್ಕೂ ಬಿಲ್ಲು ಕೊಡುವ, ಬ್ಯಾಂಕ್ ಖಾತೆಗೆ ಹಣ ಹಾಕಿಸಿಕೊಳ್ಳುವ ಅಂಗಡಿಯೇ ಬೇಕು. ಸಂತೆಯಲ್ಲಿ ಮಣಿ ಮಾರುವ ಅಜ್ಜಿ, ಮಣ್ಣಿನ ಹಣ್ಣು ತರಕಾರಿಗಳನ್ನು ಮಾಡಿಕೊಡಬಲ್ಲ ಕುಂಬಾರರು, ಮರದ ಚೂರುಗಳಿಂದ ಆಕೃತಿಗಳನ್ನು ಕೊರೆದುಕೊಡುವ ಬಡಗಿ, ಇವರು ಯಾರೂ ಬಿಲ್ಲು ಕೊಡಲಾರರು. ಮಗುವಿಗೆ ಅತಿ ಹೆಚ್ಚು ಉಪಯೋಗವಾಗುವ, ಅತಿ ಅಗ್ಗದ ವಸ್ತುಗಳು ಇರುವುದು ಇವರ ಬಳಿಯೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಪ್ರತಿ ತರಗತಿಗೂ ಅಗತ್ಯವಿದ್ದಂತೆ ಬೋಧನಾ-ಕಲಿಕಾ ಉಪಕರಣಗಳನ್ನು ಒದಗಿಸಬೇಕು ಎಂದಿದೆ. ಆಟದ ಸಾಮಗ್ರಿಗೂ ಇದೇ ಮಾತು. ಪ್ರತಿ ಶಾಲೆಯಲ್ಲೂ ಕತೆ ಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎಂದಿದೆ. ಅದಕ್ಕೂ ಹಿಂದೆ, 1987ರಲ್ಲಿ ಶುರುವಾದ ಕೇಂದ್ರದ ಕಪ್ಪುಹಲಗೆ ಕಾರ್ಯಾಚರಣೆ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ಯೋಜನೆಯೂ ಪ್ರತಿ ಪ್ರಾಥಮಿಕ ಶಾಲೆಗೆ ಎರಡು ಕೊಠಡಿ, ಇಬ್ಬರು ಶಿಕ್ಷಕರ ಜೊತೆ ನಕಾಶೆ, ಚಾರ್ಟು, ಆಟಿಕೆ, ಪುಸ್ತಕಗಳು ಬೇಕೇ ಬೇಕು ಎಂದು ಒಪ್ಪಿಕೊಂಡಿತ್ತು. ಓದು, ಬರಹ, ಲೆಕ್ಕದ ಬುನಾದಿಗೆಂದು ಬಂದ 2021ರ ನಿಪುಣ್ ಭಾರತ್ ಯೋಜನೆಯಲ್ಲಿ ಆರಂಭದ ತರಗತಿಗಳ ಪ್ರತಿ ಮಗುವಿಗೂ ಕಲಿಕಾ ಸಾಮಗ್ರಿಗಾಗಿ ವರ್ಷಕ್ಕೆ ಗರಿಷ್ಠ 500 ರೂಪಾಯಿಯವರೆಗೆ ಅವಕಾಶವಿದೆ. ಅಂದರೆ ತತ್ತ್ವದಲ್ಲಿ ಯಾರದೂ ಭಿನ್ನಾಭಿಪ್ರಾಯವಿಲ್ಲ. ಮಗುವಿನ ಹೆಸರಿನಲ್ಲಿ ಮಂಜೂರಾಗುವ ಆ ಮೊತ್ತದ ಒಂದು ಪಾಲಾದರೂ ಮಗುವಿನ ಜೊತೆ ದಿನವಿಡೀ ಕೂರುವವರ ನಿರ್ಧಾರದಂತೆ ಖರ್ಚಾಗಲಿ.

ದಾನಿಗಳ ಬಗ್ಗೆಯೂ ಒಂದು ಮಾತು. ನಮ್ಮ ಶಾಲೆಗೆ ಚೀಲ, ನೋಟ್ ಪುಸ್ತಕ, ತಟ್ಟೆ ಲೋಟಗಳನ್ನು ಕೊಟ್ಟ ಹಿರಿಯರಿದ್ದಾರೆ. ಅವರ ಉಪಕಾರ ದೊಡ್ಡದು. ಆದರೆ ದಾನ ಬರುವುದು ಕಣ್ಣಿಗೆ ಕಾಣುವ, ಹೆಸರು ಬರೆಸಬಹುದಾದ ವಸ್ತುವಾಗಿ. ತಿಂಗಳು ತಿಂಗಳು ತೀರಿಹೋಗುವ ಗೋಂದಿಗೆ ದಾನಿಗಳು ಸಿಗುವುದಿಲ್ಲ, ಸಿಗಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಪೋಷಕರಿಂದ ಎತ್ತೋಣವೆಂದರೆ, 2022ರ ಅಕ್ಟೋಬರಿನಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ಟೀಕೆಗಳು ಬಂದ ಮೇಲೆ ಹಿಂದಕ್ಕೆ ಹೋದದ್ದು ಎಲ್ಲರಿಗೂ ನೆನಪಿದೆ. ಹಿಂದಕ್ಕೆ ಹೋದದ್ದು ಒಳ್ಳೆಯದೇ ಆಯಿತು. ನನ್ನ ತರಗತಿಯ ಹೆಚ್ಚಿನ ತಂದೆತಾಯಿಗಳು ಕೂಲಿಗೆ ಹೋಗುವವರು. ಐಚ್ಛಿಕ ಎಂದರೂ ಕೊಡಲಾಗದವರ ಮಗು ಕೊಟ್ಟವರ ಮಗುವಿನ ಪಕ್ಕದಲ್ಲಿ ಕುಗ್ಗಿ ಕೂರುತ್ತದೆ.

ಮತ್ತೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡುತ್ತದೆ. ಬಹಳಷ್ಟು ಶಾಲೆಗಳ ಬೀರುವಿನಲ್ಲಿ ಒಳ್ಳೆಯ ಸಾಮಗ್ರಿ ಈಗಾಗಲೇ ಇದೆ. ಉಪಕರಣಗಳಿಂದ ಲೆಕ್ಕ ಕಲಿಸುವ ಗಣಿತ ಕಲಿಕಾ ಆಂದೋಲನ ಕಾರ್ಯಕ್ರಮದ ಪೆಟ್ಟಿಗೆಯಲ್ಲಿ ಮಣಿಚೌಕಟ್ಟಿದೆ, ಭಿನ್ನರಾಶಿಯ ಪಟ್ಟಿಗಳಿವೆ. ಗೆಳತಿಯರು ಹೇಳುವಂತೆ ಎಷ್ಟೋ ಕಡೆ ಅವು ಹೊರಗೆ ಬರುವುದೇ ಅಪರೂಪ. ಅದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ, ಭಯ ಕಾರಣ. ದಾಸ್ತಾನು ವಹಿಯಲ್ಲಿ ಬರೆದ ವಸ್ತು ಕಡಿಮೆಯಾದರೆ ಪ್ರಭಾರದಲ್ಲಿದ್ದವರು ಉತ್ತರ ಹೇಳಬೇಕು. ವರ್ಗಾವಣೆಯ ಸಮಯದಲ್ಲಿ ಒಂದು ಮಣಿ ಕಡಿಮೆಯಾದರೂ ಮಾತು ಬರುತ್ತದೆ. ಹೀಗಿರುವಾಗ ಬೀಗ ಹಾಕಿಡುವುದೇ ಕ್ಷೇಮ ಎನಿಸುವುದು ಸಹಜ. ಮಕ್ಕಳು ಮುಟ್ಟಿ, ಎಳೆದು, ಬೀಳಿಸಿ, ಸವೆಸಿದ ಸಾಮಗ್ರಿಯೇ ಕೆಲಸ ಮಾಡಿದ ಸಾಮಗ್ರಿ. ಸಾವಿರ ರೂಪಾಯಿಯೊಳಗಿನ ಕಲಿಕೋಪಕರಣಗಳನ್ನು ಬಳಸಿ ತೀರುವ ವಸ್ತುಗಳೆಂದು ಪರಿಗಣಿಸಿ, ವರ್ಷದ ಕೊನೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಸರಳವಾಗಿ ವಹಿಯಿಂದ ತೆಗೆದುಹಾಕುವಂತಾದರೆ, ಹೊಸದಾಗಿ ಒಂದು ರೂಪಾಯಿಯೂ ಕೊಡದೆ ರಾಜ್ಯದ ಎಷ್ಟೋ ಬೀರುಗಳು ತೆರೆದುಕೊಳ್ಳುತ್ತವೆ. ನನ್ನ ಎಲ್ಲ ಕೋರಿಕೆಗಳಲ್ಲಿ ಬಹುಶಃ ಇದೇ ಅತ್ಯಂತ ಸುಲಭದ್ದು.

ಅತಿಥಿ ಶಿಕ್ಷಕರನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರಿದ್ದಾರೆ, ಅವರಲ್ಲಿ ದೊಡ್ಡ ಪಾಲು ನನ್ನಂತೆ ಈಗಷ್ಟೇ ತರಬೇತಿ ಮುಗಿಸಿದವರು. ತರಬೇತಿಯ ಹುರುಪು ಇನ್ನೂ ಆರಿರುವುದಿಲ್ಲ, ರಾತ್ರಿ ಕೂತು ಚಿತ್ರ ಬಿಡಿಸುವ ಉತ್ಸಾಹ ಇರುತ್ತದೆ. ಅನುದಾನದ ಲೆಕ್ಕದಲ್ಲಿ ನಮ್ಮ ಹೆಸರಿಲ್ಲ, ಖರೀದಿಯ ಸಭೆಯಲ್ಲಿ ನಮ್ಮ ಮಾತಿಲ್ಲ. ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ನಾವು ಹೊರಡುತ್ತೇವೆ. ಮುಂದಿನ ಜೂನಿನಲ್ಲಿ ಅದೇ ಶಾಲೆಗೆ ಬರುತ್ತೇವೆಂಬ ಖಾತ್ರಿಯಿಲ್ಲ. ಸ್ವಂತ ದುಡ್ಡಿನಿಂದ ಮಾಡಿದ ಕಾರ್ಡುಗಳನ್ನು ಬಿಟ್ಟುಹೋದರೆ ಹೊಸ ಶಾಲೆಯಲ್ಲಿ ಮತ್ತೆ ಬರಿಗೈ, ತೆಗೆದುಕೊಂಡು ಹೋದರೆ ಈ ಮಕ್ಕಳಿಗೆ ಬರಿಗೋಡೆ. ಈ ಇಕ್ಕಟ್ಟಿಗೆ ಯಾವ ಶಿಕ್ಷಕಿಯನ್ನೂ ದೂಡಬಾರದು. ಶಾಲೆಯ ಹಣದಿಂದ ಮಾಡಿದ್ದಾದರೆ ಅದು ಶಾಲೆಯದು; ಸಂತೋಷದಿಂದ ಬಿಟ್ಟುಹೋಗುತ್ತೇವೆ, ನಮ್ಮ ನಂತರ ಬರುವವಳಿಗೆ ಅದು ಸಿಗುತ್ತದೆ.

ನಾನು ಕೇಳುತ್ತಿರುವ ಮೊತ್ತ ದೊಡ್ಡದಲ್ಲ. ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 3,000 ರೂಪಾಯಿ ಇದ್ದರೆ ಒಂದು ನಲಿ-ಕಲಿ ಕೊಠಡಿ ಚೆನ್ನಾಗಿ ನಡೆಯುತ್ತದೆ ಎಂಬುದು ನನ್ನ ಅನುಭವದ ಅಂದಾಜು. ಸಂಯುಕ್ತ ಅನುದಾನದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ರಾಜ್ಯದ ಆಯವ್ಯಯದಿಂದ ಪ್ರತ್ಯೇಕವಾಗಿ ಕೊಡಬಹುದು. ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲವನ್ನೂ ಮಕ್ಕಳಿಗೆ ಕೊಡುವ ಸರ್ಕಾರಕ್ಕೆ ಇದು ಕಷ್ಟವಾಗಲಾರದು. ಲೆಕ್ಕ ಒಪ್ಪಿಸಲು ನಾವು ಹಿಂಜರಿಯುವುದಿಲ್ಲ: ಏನು ಕೊಂಡೆವು, ಏನು ಮಾಡಿದೆವು ಎಂಬುದನ್ನು ವರ್ಷದಲ್ಲಿ ಒಮ್ಮೆ ಪೋಷಕರ ಸಭೆಯಲ್ಲಿ ಮೇಜಿನ ಮೇಲೆ ಹರಡಿ ತೋರಿಸುತ್ತೇವೆ. ಪ್ರತಿ ವಸ್ತುವನ್ನೂ ತಮ್ಮ ಮಗು ಬಳಸಿದ್ದನ್ನು ಕಂಡಿರುವ ತಂದೆತಾಯಿಗಳಿಗಿಂತ ಕಟ್ಟುನಿಟ್ಟಾದ ಲೆಕ್ಕ ಪರಿಶೋಧಕರು ಇರಲಾರರು.

ಮುಂದಿನ ವರ್ಷದ ಅನುದಾನದ ಸುತ್ತೋಲೆ ತಮ್ಮ ಮುಂದೆ ಬಂದಾಗ ಅದರಲ್ಲಿ ಈ ಸಾಲುಗಳನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ: ಕಲಿಕೋಪಕರಣದ ಮೊತ್ತವನ್ನು ಅತಿಥಿ ಶಿಕ್ಷಕರೂ ಸೇರಿದಂತೆ ಪ್ರತಿ ತರಗತಿ ಶಿಕ್ಷಕರಿಗೆ ಮೇ ತಿಂಗಳೊಳಗೆ ತಲುಪಿಸತಕ್ಕದ್ದು, ಐನೂರು ರೂಪಾಯಿಯೊಳಗಿನ ಸ್ಥಳೀಯ ಖರೀದಿಗೆ ಕೈಬರಹದ ರಸೀದಿಯನ್ನು ಒಪ್ಪತಕ್ಕದ್ದು, ಬಳಕೆಯಿಂದ ಸವೆದ ಸಾಮಗ್ರಿಗೆ ಯಾವ ಶಿಕ್ಷಕರನ್ನೂ ಹೊಣೆ ಮಾಡತಕ್ಕದ್ದಲ್ಲ.

ತಮ್ಮ ವಿಶ್ವಾಸಿ,
ನಲಿ-ಕಲಿ ತರಗತಿಯ ಒಬ್ಬ ಅತಿಥಿ ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ